ನಿಡಗುಂದಿ ಸೀಮೆಯ ವತನಭೂಮಿಯೂ ಮುಸಲ್ಮಾನ ಹೆಣ್ಣುಮಕ್ಕಳ ದಾಯವೂ

ತಂದೆಯ ಸೊತ್ತಿನಲ್ಲಿ ಮಗಳಿಗೂ ಪಾಲುಂಟೆಂಬುದು ಕುರಾನಿನ ನಾಲ್ಕನೆಯ ಅಧ್ಯಾಯದಿಂದ ನಿರ್ವಿವಾದವಾಗಿದೆ. ಮೃತನು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಹಾಗೂ ೩೨ ಎಕರೆ ಎರೆಹೊಲವನ್ನು ಬಿಟ್ಟಿದ್ದರೆ ಹೆಂಡತಿಗೆ ಎಂಟನೆಯ ಒಂದಂಶ, ಅಂದರೆ ೪ ಎಕರೆ. ಉಳಿದ ೨೮ರಲ್ಲಿ ಮಗನಿಗೆ ೧೪, ಹೆಣ್ಣುಮಕ್ಕಳಿಗೆ ತಲಾ ೭. ಆದರೆ ಕೃಷ್ಣೆಯ ಉತ್ತರಕ್ಕಿರುವ ನಿಡಗುಂದಿಯ ಸೀಮೆಯಲ್ಲಿ, ಹೊಲವು ವತನದ್ದಾಗಿದ್ದರೆ, ಈ ಲೆಕ್ಕವು ನಡೆಯುತ್ತಿದ್ದಿಲ್ಲ. ಇದು ನಾಡಿನ ಹಳೆಯ ರೂಢಿಯೆಂದು ಹೇಳಿ ಮುಗಿಸುವದು ಸುಲಭ. ಆದರೆ ಆ ಉತ್ತರವು ಸಾಲದೆಂದು ನಮಗೆ ತೋರುತ್ತದೆ.

ಈ ಸೀಮೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ೧೮೨೭ನೆಯ ಇಸವಿಯ ನಾಲ್ಕನೆಯ ರೆಗ್ಯುಲೇಶನ್ನಿನ ೨೬ನೆಯ ಕಲಮಿನ ಮೇರೆಗೆ ಮೊದಲು ಸರಕಾರದ ಕಾಯದೆ, ಅದಿಲ್ಲದಲ್ಲಿ ದೇಶರೂಢಿ, ಅದೂ ಇಲ್ಲದಲ್ಲಿ ಪ್ರತಿವಾದಿಯ ಧರ್ಮಶಾಸ್ತ್ರ. ೧೮೪೭ರಲ್ಲಿ ಮುಂಬಯಿಯ ಖೋಜಾ, ಕಚ್ಛೀ ಮೇಮನ್ ಹೆಣ್ಣುಮಕ್ಕಳು ಕುರಾನೋಕ್ತವಾದ ಪಾಲನ್ನು ಬೇಡಿದಾಗ ನ್ಯಾಯಾಧೀಶ ಸರ್ ಅರ್ಸ್ಕಿನ್ ಪೆರಿಯು ರೂಢಿಯನ್ನೇ ಎತ್ತಿಹಿಡಿದನು. ಆದರೂ ರೂಢಿಯುಂಟೆಂದು ಹೇಳುವವನೇ ಅದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾಗಿದ್ದಿತು.

ವತನದಾರನಿಗೆ ಈ ತೊಡಕು ಇರಲಿಲ್ಲ. ಮುಂಬಯಿಯ ೧೮೮೬ನೆಯ ಇಸವಿಯ ಐದನೆಯ ಕಾಯದೆಯು, ವತನದ ಮನೆತನದ ಹೆಣ್ಣು, ಆ ಮನೆತನದಲ್ಲಿ ಅರ್ಹನಾದ ಗಂಡಸು ಇರುವ ವರೆಗೆ, ವಾರಸಿಕೆಯಲ್ಲಿ ಹಿಂದೆ ನಿಲ್ಲತಕ್ಕದ್ದೆಂದು ವಿಧಿಸಿತು; ಕೊನೆಯ ಪುರುಷನ ವಿಧವೆಯೊಬ್ಬಳೇ ಇದಕ್ಕೆ ಹೊರತು. ಗಂಡುಮಕ್ಕಳಿಲ್ಲದವನ ಒಬ್ಬಳೇ ಮಗಳಿಗೆ ಕುರಾನು ಅರ್ಧವನ್ನು ಕೊಡುವದು. ಈ ಕಾಯದೆಯು ಆಕೆಗಿಂತ ಮೊದಲು ಅಣ್ಣತಮ್ಮಂದಿರ ಮಕ್ಕಳನ್ನು ಕರೆಯುವದು. ಹಿಂದುವೋ ಮುಸಲ್ಮಾನನೋ ಎಂಬ ಭೇದವನ್ನು ಅದು ಮಾಡಲಿಲ್ಲ. ಪಾಟೀಲಿಕೆಯ ಭೂಮಿಯು ಚಾಕರಿಗೆ ಕೊಟ್ಟ ಸಂಬಳವಷ್ಟೆ. ಅದು ಅಳಿಯಂದಿರ ಮನೆಗಳಿಗೆ ಹರಿದು ಹಂಚಿಹೋಗುವದು ಸರಕಾರಕ್ಕೆ ಬೇಡವಾಗಿದ್ದಿತೆಂದು ನಮ್ಮ ಊಹೆ. ಆದುದರಿಂದ ಹಳೆಯ ದಫ್ತರಗಳಲ್ಲಿ ಮಗಳ ಹೆಸರಿಲ್ಲದ್ದನ್ನು ಕಂಡು ರೂಢಿಯೆಂದು ತೀರ್ಮಾನಿಸುವ ಸಂಶೋಧಕನು, ಹೊಲವು ವತನದ್ದೋ ರೈತಾವಾದದ್ದೋ ಎಂಬುದನ್ನು ಮೊದಲು ನೋಡಬೇಕು.

೧೯೩೭ರ ಶರೀಯತ್ ಕಾಯದೆಯು ರೂಢಿಯನ್ನು ಬದಿಗೊತ್ತಿದರೂ ಕೃಷಿಭೂಮಿಯನ್ನು ಮುಟ್ಟಲಿಲ್ಲ. ೧೯೩೫ರ ಶಾಸನದಂತೆ ಅದು ಪ್ರಾಂತಗಳ ವಿಷಯವಾಗಿದ್ದಿತು. ಮದ್ರಾಸ್ ಪ್ರಾಂತವು ೧೯೪೯ರಲ್ಲಿ ತಿದ್ದುಪಡಿ ಮಾಡಿ ಹೊಲಗದ್ದೆಗಳನ್ನೂ ಸೇರಿಸಿಕೊಂಡದ್ದರಿಂದ ಆಗ ಅಲ್ಲಿದ್ದ ದಕ್ಷಿಣ ಕನ್ನಡಕ್ಕೆ ಅದು ಅನ್ವಯಿಸಿತು. ವಿಜಾಪುರ ಜಿಲ್ಲೆಗೆ ಅನ್ವಯಿಸಲಿಲ್ಲ. ಗ್ರಾಮವತನಗಳನ್ನು ರದ್ದುಗೊಳಿಸಿದ ೧೯೬೧ರ ಕಾಯದೆಯು ೧೯೬೩ರಲ್ಲಿ ಜಾರಿಗೆ ಬಂದಿತು. ಅದರ ಮೇರೆಗೂ ಭೂಮಿಯು ಸರಕಾರಕ್ಕೆ ಸೇರಿ, ಹಣ ತುಂಬಿಸಿಕೊಂಡ ಬಳಿಕ, ವತನದಾರನಾಗಿದ್ದವನಿಗೇ ಮರಳಿ ಮಂಜೂರಾಗತಕ್ಕದ್ದಾಗಿದ್ದಿತು.