ಪುದೀನದ ಕುಡಿಯಿಂದ ಜಕ್ಕೂರಿನವರೆಗೆ

ಬಾಣಸವಾಡಿಯಿಂದ ಹೊರವರ್ತುಲ ರಸ್ತೆ ಹಿಡಿದು ಹೆಬ್ಬಾಳ ತಲುಪಿ, ಬಳ್ಳಾರಿ ರಸ್ತೆಗೆ ತಿರುಗಿದರೆ ಜಕ್ಕೂರು ದೂರವಲ್ಲ. ದಾರಿಯುದ್ದಕ್ಕೂ ವಾಹನಗಳ ಹೊಗೆ. ಹೊಗೆಯುಗುಳದ ಇಂಧನವನ್ನು ಬಿಸಿಲು ಮತ್ತು ನೀರಿನಿಂದಲೇ ಪಡೆಯಬಹುದೇ ಎಂಬ ಪ್ರಶ್ನೆಯನ್ನು ಪ್ರೊ. ಸಿ.ಎನ್.ಆರ್. ರಾವ್ ಮತ್ತು ಅವರ ಶಿಷ್ಯರು ಕೈಗೆತ್ತಿಕೊಂಡದ್ದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ.

ಪ್ರಶ್ನೆಯ ಬೇರು ಹಳೆಯದು. 1771ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಪ್ರೀಸ್ಟ್ಲಿಯವರು, ಮೇಣದ ಬತ್ತಿ ಉರಿದು ನಂದಿದ ಪಾತ್ರೆಯೊಳಗೆ ಪುದೀನದ ಕುಡಿಯೊಂದನ್ನು ಇರಿಸಿದರು. ಹತ್ತು ದಿನಗಳ ಬಳಿಕ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. (ಪ್ರೀಸ್ಟ್ಲಿ ವೃತ್ತಿಯಿಂದ ಧರ್ಮಬೋಧಕರು, ನಮ್ಮ ಸಭೆಯವರಲ್ಲ.) ಈ ಕಾರ್ಯಕ್ಕೆ ಬೆಳಕು ಬೇಕೆಂದು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದರು. ಕಲ್ಲಿದ್ದಲನ್ನೇ ನೆಚ್ಚಿಕೊಳ್ಳದೆ ಸಸ್ಯಗಳ ಈ ಗುಟ್ಟನ್ನು ಮನುಷ್ಯ ಕಲಿಯಬೇಕೆಂದು ಇಟಲಿಯ ಚಾಮಿಚಾನ್ 1912ರಲ್ಲಿ ಹೇಳಿದರು. ಕೇಳಿದವರು ಕಡಿಮೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ, ಬಿಳಿ ಬಣ್ಣಗಳಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದದ್ದನ್ನು ಪ್ರಕಟಿಸಿದರು. ಆದರೆ ಅದಕ್ಕೆ ನೇರಳಾತೀತ ಕಿರಣವೇ ಬೇಕು. ಬಿಸಿಲಿನಲ್ಲಿ ಅದರ ಪಾಲು ಅತ್ಯಲ್ಪ.

ಕಣ್ಣಿಗೆ ಕಾಣುವ ಬೆಳಕಿನಿಂದಲೇ ಕೆಲಸವಾಗಬೇಕೆಂಬುದು ಜಕ್ಕೂರಿನವರ ಹಟ. ಸತುವಿನ ಆಕ್ಸೈಡು, ಪ್ಲಾಟಿನಂ, ಕ್ಯಾಡ್ಮಿಯಂ ಸಲ್ಫೈಡುಗಳನ್ನು ಬೆಸೆದ ಅತಿಸೂಕ್ಷ್ಮ ಕಣಗಳಿಂದ ಜಲಜನಕ ಹೊರಬರುವುದನ್ನು ಅವರು 2013ರಲ್ಲಿ ವರದಿ ಮಾಡಿದರು. ಬೆಳಕು ತಾಕಿದಾಗ ಸಲ್ಫೈಡಿನಲ್ಲಿ ಇಲೆಕ್ಟ್ರಾನು ಸಡಿಲಗೊಳ್ಳುತ್ತದೆ. ಅದು ಮರಳಿ ತನ್ನ ಸ್ಥಾನಕ್ಕೆ ಸೇರಿಕೊಂಡರೆ ಹಿಡಿದ ಶಕ್ತಿ ವ್ಯರ್ಥ. ಪ್ಲಾಟಿನಂ ತಲುಪಿದರೆ ಜಲಜನಕ. ಈ ಅನಿಲ ಉರಿದಾಗ ಮಸಿಯಿಲ್ಲ, ಇಂಗಾಲದ ಡೈಆಕ್ಸೈಡಿಲ್ಲ, ನೀರಾವಿ ಮಾತ್ರ.

ಸುದ್ದಿಪತ್ರಿಕೆಗಳು ಇಂಥದನ್ನೆಲ್ಲ ಕೃತಕ ಎಲೆ ಎಂದು ಕರೆದುಬಿಡುತ್ತವೆ. ಅದು ಅರ್ಧಸತ್ಯ. ಕಳೆದುಹೋದ ಇಲೆಕ್ಟ್ರಾನನ್ನು ತುಂಬಿಕೊಡಲು ಈ ಪ್ರಯೋಗಗಳಲ್ಲಿ ನೀರಿಗೆ ಬೇರೊಂದು ರಾಸಾಯನಿಕ ಬೆರೆಸಬೇಕಾಗುತ್ತದೆ. ಅದು ಮುಗಿದಂತೆಲ್ಲ ಹೊಸದಾಗಿ ಸುರಿಯಬೇಕು, ಅದಕ್ಕೆ ಬೆಲೆ ತೆರಬೇಕು. ಎಲೆಗೆ ಆ ಹಂಗಿಲ್ಲ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಪರಮಾಣುಗಳುಳ್ಳ ಪುಟ್ಟ ಗುಚ್ಛದ ನೆರವಿನಿಂದ ಅದು ನೀರಿನಿಂದಲೇ ಇಲೆಕ್ಟ್ರಾನು ಪಡೆದು ಆಮ್ಲಜನಕವನ್ನು ಹೊರಬಿಡುತ್ತದೆ. ಬಿಸಿಲಿನ ಪೆಟ್ಟಿಗೆ ಕೆಟ್ಟ ಪ್ರೋಟೀನನ್ನು ತಾನೇ ಬದಲಿಸಿಕೊಳ್ಳುತ್ತದೆ ಕೂಡ. ರಾವ್ ಅವರ ತಂಡ ಈ ಕಠಿಣ ಭಾಗವನ್ನೂ ಬಿಟ್ಟಿಲ್ಲ: ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಆಕ್ಸೈಡುಗಳು ಬೆಳಕಿನ ನೆರವಿನಿಂದ ನೀರಿನಿಂದ ಆಮ್ಲಜನಕ ಬಿಡಿಸುವ ಬಗೆಯನ್ನು 2013ರಲ್ಲೇ ವಿವರಿಸಿತು. ಎರಡು ಅರ್ಧಗಳೂ ಒಂದೇ ಅಗ್ಗದ ಸಾಧನದಲ್ಲಿ ವರ್ಷಗಟ್ಟಲೆ ಕೆಡದೆ ದುಡಿಯುವಂತೆ ಮಾಡುವುದು ಮಾತ್ರ ಲೋಕದ ಯಾವ ಪ್ರಯೋಗಾಲಯಕ್ಕೂ ಇನ್ನೂ ಒಲಿದಿಲ್ಲ.

ಜನವರಿ 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹಸಿರು ಜಲಜನಕ ಯೋಜನೆಯ ಗುರಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್. ಅದು ಮುಖ್ಯವಾಗಿ ನೆಚ್ಚಿರುವುದು ಎಲೆಯ ದಾರಿಯನ್ನಲ್ಲ, ವಿದ್ಯುತ್ತಿನಿಂದ ನೀರನ್ನು ಒಡೆಯುವ ಹಳೆಯ ವಿಧಾನವನ್ನು.