ಉಬ್ಬಿದ ನರಕ್ಕೆ ಸೂಜಿ: ನಿಂತು ದುಡಿದವರ ಕಾಲಿನ ಕಥೆ

ನಾವು ಐಟಿಯವರು ಕೂತು ದುಡಿಯೋರು. ನಮಗಿಂತ ಮೊದಲು ಮುಂಬೈಗೆ ಬಂದ ಕನ್ನಡಿಗರು ನಿಂತು ದುಡಿದವರು. ಮಾಟುಂಗದ ಉಡುಪಿ ಹೋಟೆಲ್ಲುಗಳಲ್ಲಿ ಹಗಲೆಲ್ಲ ದೋಸೆ ಕಲ್ಲಿನ ಮುಂದೆ ನಿಂತು, ರಾತ್ರಿ ಶಾಲೆಯಲ್ಲಿ ಓದಿದವರು. ಪಕ್ಕದ ಧಾರಾವಿಯಲ್ಲಿ ಇಂದಿಗೂ ಇಸ್ತ್ರಿ ಮೇಜಿನ ಮುಂದೆ, ಚರ್ಮದ ಕಾರ್ಖಾನೆಯಲ್ಲಿ ಜನ ನಿಂತೇ ದುಡಿಯುತ್ತಾರೆ. ಅಲ್ಲಿ ಓಡಾಡುವಾಗ ಹಸಿರು ಹಗ್ಗದಂತೆ ಸುತ್ತಿಕೊಂಡ ನರಗಳ ಕಾಲುಗಳು ನನ್ನ ಕಣ್ಣಿಗೆ ಬೀಳುತ್ತವೆ.

ನಾವು 'ನರ' ಅಂತೀವಿ, ಆದರೆ ಅದು ರಕ್ತನಾಳ. ಕಾಲಿನ ರಕ್ತ ಮೇಲೇರಲು ನಾಳದೊಳಗೆ ಪುಟ್ಟ ಕವಾಟಗಳಿವೆ. ಅವು ಸೋತರೆ ರಕ್ತ ಕೆಳಗೆ ನಿಂತು ನಾಳ ಉಬ್ಬುತ್ತದೆ. ಹಾಗೇ ಬಿಟ್ಟರೆ ಪಾದದ ಗಂಟಿನ ಹತ್ತಿರ ವಾಸಿಯಾಗದ ಹುಣ್ಣಾಗಬಹುದು. ದಿನಗೂಲಿಯವನಿಗೆ ಆ ಹುಣ್ಣು ಅಂದ್ರೆ ಕೂಲಿಯೇ ಹೋದ ಹಾಗೆ.

ಇದಕ್ಕೆ ಸೂಜಿಮದ್ದು ಹೇಗೆ ಬಂತು ನೋಡಿ. 1853ರಲ್ಲಿ ಫ್ರಾನ್ಸಿನ ಪ್ರವಾಜ್ ತನ್ನ ಪಿಚಕಾರಿಯಿಂದ ರಕ್ತನಾಳಕ್ಕೆ ಕಬ್ಬಿಣದ ಕ್ಲೋರೈಡ್ ಹಾಕಿ ರಕ್ತ ಹೆಪ್ಪುಗಟ್ಟಿಸಿದ. ಬೇರೆಯವರು ಅದನ್ನೇ ಉಬ್ಬಿದ ನಾಳಗಳಿಗೂ ಹಾಕಿದರು. ಮದ್ದು ತೀಕ್ಷ್ಣ, ಸೋಂಕು ಬೇರೆ. 1894ರ ಲಿಯೋನ್ ಸಮ್ಮೇಳನದಲ್ಲಿ ವೈದ್ಯರು ಇದನ್ನು ಕೈಬಿಡಿ ಅಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಪ್ಯಾರಿಸ್ಸಿನ ಸಿಕಾರ್ ಒಂದು ವಿಷಯ ಗಮನಿಸಿದ: ಸಿಫಿಲಿಸ್ ರೋಗಿಗಳಿಗೆ ಮದ್ದು ಚುಚ್ಚಿದ ನಾಳಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಡ್ಡಪರಿಣಾಮವನ್ನೇ ಆತ ಚಿಕಿತ್ಸೆ ಮಾಡಿಕೊಂಡ. ಆಮೇಲೆ ಸೌಮ್ಯ ಮದ್ದುಗಳು ಬಂದವು. 1946ರಲ್ಲಿ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಬಂತು. ಅರಿವಳಿಕೆಗೆಂದು ತಯಾರಾಗಿದ್ದ ಪಾಲಿಡೊಕೆನಾಲ್ ಕೂಡ ಇದೇ ಕೆಲಸಕ್ಕೆ ಬಂತು. 2000ರಲ್ಲಿ ಇಟಲಿಯ ಟೆಸ್ಸಾರಿ ಎರಡು ಸಿರಿಂಜ್ ನಡುವೆ ಮದ್ದನ್ನೂ ಗಾಳಿಯನ್ನೂ ಅತ್ತಿತ್ತ ತಳ್ಳಿ ನೊರೆ ಮಾಡುವ ಸುಲಭ ವಿಧಾನ ತೋರಿಸಿದ. ನೊರೆ ರಕ್ತವನ್ನು ಸರಿಸಿ ನಾಳದ ಒಳಗೋಡೆಗೆ ಅಂಟುತ್ತದೆ. ಗೋಡೆ ಕೆರಳಿ ನಾಳ ಮುಚ್ಚುತ್ತದೆ, ರಕ್ತ ಒಳಗಿನ ಆಳದ ನಾಳಗಳ ದಾರಿ ಹಿಡಿಯುತ್ತದೆ.

ಹಾಗಂತ ಸೂಜಿ ಹಾಕಿಸಿದರೆ ಎಲ್ಲ ಮುಗಿಯಿತು ಅಂತಲ್ಲ. ಯಾವ ಕವಾಟ ಸೋತಿದೆ ಅಂತ ಮೊದಲು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಬೇಕು. ಮೂಲ ಬಿಟ್ಟು ಕೊಂಬೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಆಳದ ನಾಳದಲ್ಲಿ ಹೆಪ್ಪಿದ್ದವರಿಗೆ ಈ ಸೂಜಿ ಅಪಾಯ. ಆಮೇಲೆ ಬಿಗಿ ಕಾಲುಚೀಲ ಹಾಕಿ ಅಂತಾರೆ. ಮುಂಬೈ ಸೆಕೆಯಲ್ಲಿ, ಒಲೆಯ ಮುಂದೆ ಎಂಟು ಗಂಟೆ ಅದನ್ನು ತೊಡೋದು ಎಷ್ಟು ಕಷ್ಟ ಯೋಚಿಸಿ.

ಧಾರಾವಿಯ ಮಗ್ಗುಲಲ್ಲೇ ಮಹಾನಗರ ಪಾಲಿಕೆಯ ಸಯನ್ ಆಸ್ಪತ್ರೆ ಇದೆ. ಮದ್ದು ಹತ್ತಿರವೇ ಇದೆ, ರಜೆ ಮಾತ್ರ ದೂರ. ನಿಮ್ಮ ಮನೆಯ ಅಡುಗೆಯವರು, ಆಫೀಸಿನ ಗೇಟಿನ ಸೆಕ್ಯುರಿಟಿಯವರು ಕಾಲುನೋವು ಅಂದ್ರೆ, ಒಂದು ದಿನದ ಸಂಬಳ ಹಿಡಿಯದೆ ಡಾಕ್ಟರ ಹತ್ತಿರ ಕಳಿಸಿ. ಕೂರೋಕೆ ಒಂದು ಸ್ಟೂಲ್ ಕೂಡ ಕೊಡಿ.