ಸೋಡಿಯಂ ಆಲ್ಜಿನೇಟ್

ಸೋಡಿಯಂ ಆಲ್ಜಿನೇಟ್ ಎಂಬುದು ಕಂದು ಕಡಲಕಳೆಗಳ ಕೋಶಭಿತ್ತಿಯಲ್ಲಿರುವ ಆಲ್ಜಿನಿಕ್ ಆಮ್ಲದ ಸೋಡಿಯಂ ಲವಣ. ನೋಡಲು ಬಿಳಿ ಇಲ್ಲವೆ ನಸುಹಳದಿ ಪುಡಿ. ತಣ್ಣೀರಿನಲ್ಲೇ ಕರಗಿ ಲೋಳೆಯಂಥ ಮಂದ ದ್ರಾವಣವಾಗುತ್ತದೆ; ಕ್ಯಾಲ್ಸಿಯಂ ಸೋಕಿದರೆ ಗಟ್ಟಿಯಾಗಿ ಜೆಲ್ ರೂಪ ತಾಳುತ್ತದೆ. ಅದರ ಉಪಯೋಗಗಳಲ್ಲಿ ಬಹುಪಾಲು ಈ ಎರಡು ಗುಣಗಳನ್ನೇ ಆಧರಿಸಿವೆ. ಆಹಾರದ ಪೊಟ್ಟಣಗಳ ಮೇಲೆ ಇದನ್ನು 401 ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ.

ಇದರ ಇತಿಹಾಸ ಆರಂಭವಾಗುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಬೂದಿಗುಂಡಿಗಳಲ್ಲಿ. 18ನೆಯ ಶತಮಾನದಲ್ಲಿ ಅಲ್ಲಿನ ದ್ವೀಪವಾಸಿಗಳು ಕಡಲಕಳೆಯನ್ನು ಒಣಗಿಸಿ, ಸುಟ್ಟು, ಗಾಜು ಮತ್ತು ಸಾಬೂನಿನ ತಯಾರಿಕೆಗೆ ಬೇಕಾದ ಕ್ಷಾರವನ್ನು ಪಡೆಯುತ್ತಿದ್ದರು. ಅಗ್ಗದ ಸೋಡಾ ಮಾರುಕಟ್ಟೆಗೆ ಬಂದಾಗ ಈ ಕಸುಬು ನೆಲಕಚ್ಚಿತು. ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ 1811ರಲ್ಲಿ ಕಡಲಕಳೆಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದದ್ದರಿಂದ ಅದಕ್ಕೆ ಮತ್ತೆ ಜೀವ ಬಂತು. ಆದರೆ ಬೆಂಕಿಯಲ್ಲಿ ಕಳೆಯ ಸಾವಯವ ಅಂಶವೆಲ್ಲ ಹಾಳಾಗುತ್ತಿತ್ತು, ಅಯೋಡಿನ್‌ನಲ್ಲೂ ಒಂದಷ್ಟು ಹೊಗೆಯ ಜೊತೆ ಹೋಗುತ್ತಿತ್ತು. ಈ ನಷ್ಟ ತಪ್ಪಿಸುವ ದಾರಿಯನ್ನು ಬ್ರಿಟಿಷ್ ರಸಾಯನತಜ್ಞ ಎಡ್ವರ್ಡ್ ಸ್ಟ್ಯಾನ್‌ಫರ್ಡ್ ವರ್ಷಗಟ್ಟಲೆ ಹುಡುಕಿದ. ಕಳೆಯನ್ನು ಸುಡುವ ಬದಲು ಸೋಡಾ ದ್ರಾವಣದಲ್ಲಿ ನೆನೆಸಿದಾಗ ಅಂಟು ದ್ರವವೊಂದು ಬಿಟ್ಟುಕೊಂಡಿತು; ಅದಕ್ಕೆ ಆಮ್ಲ ಸೇರಿಸಿದಾಗ ಲೋಳೆ ಗರಣೆಗಟ್ಟಿ ಬೇರ್ಪಟ್ಟಿತು. ಅದಕ್ಕೆ ಆಲ್ಜಿನ್ ಎಂದು ಹೆಸರಿಟ್ಟು 1881ರಲ್ಲಿ ಪೇಟೆಂಟ್ ಪಡೆದ. ಪಿಷ್ಟ ಮತ್ತು ಅರಬ್ಬೀ ಗೋಂದಿಗಿಂತ ಅದು ಹಲವು ಪಟ್ಟು ಮಂದವಾಗುವುದನ್ನೂ ಅವನು ಗಮನಿಸಿದ್ದ. ಅದರಲ್ಲಿ ಸಾರಜನಕವಿದೆ ಎಂಬ ಅವನ ಎಣಿಕೆ ಮಾತ್ರ ತಪ್ಪಾಗಿತ್ತು. ನಾರ್ವೆಯ ಆಕ್ಸೆಲ್ ಕ್ರೆಫ್ಟಿಂಗ್ 1896ರಲ್ಲಿ ಸಾರಜನಕವಿಲ್ಲದ ಶುದ್ಧ ಆಮ್ಲವನ್ನು ತಯಾರಿಸಿದ.

ಇಷ್ಟೆಲ್ಲ ತಿಳಿದಿದ್ದರೂ ಆಲ್ಜಿನೇಟ್ ದೊಡ್ಡ ಉದ್ಯಮವಾಗಲು ಅರ್ಧ ಶತಮಾನ ಹಿಡಿಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿ 1929ರಲ್ಲಿ ಕೆಲ್ಕೊ ಕಂಪನಿ ಮ್ಯಾಕ್ರೊಸಿಸ್ಟಿಸ್ ಎಂಬ ದೈತ್ಯ ಕಡಲಕಳೆಯಿಂದ ಅದನ್ನು ವಾಣಿಜ್ಯ ಪ್ರಮಾಣದಲ್ಲಿ ತೆಗೆಯತೊಡಗಿತು. ಯಂತ್ರದ ದೋಣಿಗಳು ಈ ಕಳೆಯ ಮೇಲ್ಭಾಗವನ್ನಷ್ಟೇ ಕತ್ತರಿಸುತ್ತಿದ್ದುದರಿಂದ ಅದು ಮತ್ತೆ ಚಿಗುರುತ್ತಿತ್ತು. 1930ರ ದಶಕದಲ್ಲಿ ಐಸ್‌ಕ್ರೀಮ್ ತಯಾರಕರು ದೊಡ್ಡ ಗಿರಾಕಿಗಳಾದರು: ಆಲ್ಜಿನೇಟ್ ಬೆರೆತ ಐಸ್‌ಕ್ರೀಮಿನಲ್ಲಿ ಮಂಜಿನ ಹರಳುಗಳು ದೊಡ್ಡದಾಗದೆ ನುಣುಪು ಉಳಿಯುತ್ತದೆ.

ಆಲ್ಜಿನೇಟಿನ ರಚನೆ ಅರ್ಥವಾದದ್ದು ಇನ್ನೂ ತಡವಾಗಿ. ಅದು ಮ್ಯಾನುರಾನಿಕ್ ಮತ್ತು ಗುಲುರಾನಿಕ್ ಎಂಬ ಎರಡು ಸಕ್ಕರೆ ಆಮ್ಲಗಳ ಉದ್ದನೆಯ ಸರಪಣಿ. ಗುಲುರಾನಿಕ್ ಆಮ್ಲದ ಇರುವು ಗೊತ್ತಾದದ್ದು 1955ರಲ್ಲಿ. ಅವೆರಡೂ ಸರಪಣಿಯಲ್ಲಿ ತುಂಡು ತುಂಡಾಗಿ ಜೋಡಣೆಗೊಂಡಿರುವುದನ್ನು ನಾರ್ವೆಯ ಹಾಗ್, ಲಾರ್ಸನ್, ಸ್ಮಿಡ್ಸ್‌ರೋಡ್ 1960ರ ದಶಕದಲ್ಲಿ ತೋರಿಸಿದರು. ಗುಲುರಾನಿಕ್ ಭಾಗ ಅಂಕುಡೊಂಕಾಗಿರುವುದರಿಂದ ಎರಡು ಸರಪಣಿ ಎದುರುಬದುರಾದಾಗ ನಡುವೆ ಗುಳಿಗಳು ಉಂಟಾಗುತ್ತವೆ. ಮೊಟ್ಟೆ ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಕೂರುವಂತೆ ಅಲ್ಲಿ ಕ್ಯಾಲ್ಸಿಯಂ ಅಯಾನುಗಳು ಕೂತು ಸರಪಣಿಗಳನ್ನು ಬಿಗಿಯುತ್ತವೆ ಎಂಬ ವಿವರಣೆ 1973ರಲ್ಲಿ ಪ್ರಕಟವಾಯಿತು. ಹೀಗಾಗಿ ಗುಲುರಾನಿಕ್ ಅಂಶ ಹೆಚ್ಚಿದ್ದರೆ ಜೆಲ್ ಗಡುಸಾಗಿ ಒಡೆಯುವಂತಿರುತ್ತದೆ, ಮ್ಯಾನುರಾನಿಕ್ ಹೆಚ್ಚಿದ್ದರೆ ಮೆದುವಾಗಿ ಬಾಗುವಂತಿರುತ್ತದೆ. ಯಾವ ಕಳೆ, ಅದರ ಯಾವ ಭಾಗ ಎಂಬುದರ ಮೇಲೆ ಈ ಪ್ರಮಾಣ ನಿಂತಿದೆ. ಅಗರ್ ಜೆಲ್ ಕಾಯಿಸಿದರೆ ಕರಗುತ್ತದೆ. ಕ್ಯಾಲ್ಸಿಯಂ ಆಲ್ಜಿನೇಟ್ ಜೆಲ್ ಬಿಸಿಗೂ ಜಗ್ಗುವುದಿಲ್ಲ. ಆಮ್ಲ ಮಾತ್ರ ಸೋಡಿಯಂ ಆಲ್ಜಿನೇಟಿನ ದ್ರಾವಣಕ್ಕೆ ಒಗ್ಗದು: ಪಿಎಚ್ ತೀರ ಇಳಿದರೆ ಆಲ್ಜಿನಿಕ್ ಆಮ್ಲವಾಗಿ ಬೇರ್ಪಡುತ್ತದೆ. ಹುಳಿ ಪದಾರ್ಥಗಳಲ್ಲಿ ಅದರ ಬದಲು ಪ್ರೊಪಿಲಿನ್ ಗ್ಲೈಕಾಲ್ ಆಲ್ಜಿನೇಟ್ ಬಳಸುವುದು ಇದರಿಂದಲೇ.

ಬಟ್ಟೆ ಮುದ್ರಣದಲ್ಲಿ ಇದರ ಸ್ಥಾನವನ್ನು ಬೇರೆ ಮಂದಕಾರಿಗಳು ಸುಲಭವಾಗಿ ತುಂಬಲಾರವು. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತವೆ. ಪಿಷ್ಟದ ಗಂಜಿಯಲ್ಲಿ ಕಲಸಿದರೆ ಅವು ಪಿಷ್ಟದೊಂದಿಗೂ ಬೆಸೆದು, ಬಣ್ಣ ಪೋಲಾಗಿ, ಬಟ್ಟೆ ಒರಟಾಗುತ್ತದೆ. ಆಲ್ಜಿನೇಟಿನ ಋಣ ವಿದ್ಯುದಂಶ ಬಣ್ಣದ ಅಣುಗಳನ್ನು ದೂರ ತಳ್ಳುವುದರಿಂದ ಬಣ್ಣ ನಾರಿಗೇ ಹೋಗುತ್ತದೆ, ತೊಳೆದಾಗ ಅಂಟೂ ಬಿಟ್ಟುಹೋಗುತ್ತದೆ. ಈ ಅಂಟು ಕಲಸುವಾಗ ಪುಡಿಯನ್ನು ಒಮ್ಮೆಗೇ ನೀರಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ. ನೀರನ್ನು ಜೋರಾಗಿ ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಉದುರಿಸಿ, ನೆನೆಯಲು ಬಿಡಬೇಕು. ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಹಿಡಿದಿಡಲು ಮೊದಲೇ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕುವುದು ವಾಡಿಕೆ.

ಹಲ್ಲಿನ ಅಚ್ಚು ತೆಗೆಯುವ ಪುಡಿಯಲ್ಲೂ ಇದೇ ತಂತ್ರವಿದೆ. ಅದರಲ್ಲಿ ಸೋಡಿಯಂ ಇಲ್ಲವೆ ಪೊಟ್ಯಾಸಿಯಂ ಆಲ್ಜಿನೇಟಿನ ಜೊತೆ ಕ್ಯಾಲ್ಸಿಯಂ ಸಲ್ಫೇಟ್, ತುಸು ಸೋಡಿಯಂ ಫಾಸ್ಫೇಟ್ ಇರುತ್ತವೆ. ನೀರು ಬೆರೆತಾಗ ಬಿಡುಗಡೆಯಾಗುವ ಕ್ಯಾಲ್ಸಿಯಂ ಅನ್ನು ಮೊದಲು ಫಾಸ್ಫೇಟ್ ಹಿಡಿದುಕೊಳ್ಳುತ್ತದೆ. ವೈದ್ಯರಿಗೆ ಕಲಸಿ ಬಾಯಿಯಲ್ಲಿಡಲು ಸಮಯ ಸಿಗುವುದು ಅಷ್ಟರಲ್ಲೇ. ಫಾಸ್ಫೇಟ್ ಮುಗಿದ ಮೇಲೆ ಅಚ್ಚು ಗಟ್ಟಿಯಾಗುತ್ತದೆ. ಅಚ್ಚಿಗೆ ಅದುವರೆಗೆ ಬಳಸುತ್ತಿದ್ದ ಅಗರ್ ಅನ್ನು ಪೂರೈಸುತ್ತಿದ್ದ ಜಪಾನಿನಿಂದ ಎರಡನೆಯ ಮಹಾಯುದ್ಧದಲ್ಲಿ ಸರಕು ನಿಂತಾಗ ಈ ಪುಡಿಗೆ ಬೇಡಿಕೆ ಏರಿತು. ಆಹಾರದಲ್ಲೂ ಈ ಗುಣ ಬಳಕೆಗೆ ಬಂತು: ಬ್ರಿಟನ್ನಿನ ವಿಲಿಯಂ ಪೆಶಾರ್ಟ್ 1940ರ ದಶಕದಲ್ಲಿ ಬಣ್ಣ, ರುಚಿ ಬೆರೆಸಿದ ಆಲ್ಜಿನೇಟ್ ಹನಿಗಳನ್ನು ಕ್ಯಾಲ್ಸಿಯಂ ದ್ರಾವಣಕ್ಕೆ ಬಿಟ್ಟು ಕೃತಕ ಚೆರ್ರಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಸ್ಪೇನಿನ ಎಲ್‌ಬುಲ್ಲಿ ರೆಸ್ಟೋರೆಂಟಿನ ಫೆರಾನ್ ಆಡ್ರಿಯಾ 2003ರಲ್ಲಿ ಇದೇ ರಸಾಯನವನ್ನು ಊಟದ ತಟ್ಟೆಗೆ ತಂದು ಜಗತ್ತಿನ ಗಮನ ಸೆಳೆದರು.

ವೈದ್ಯಕೀಯದಲ್ಲಿ ಕ್ಯಾಲ್ಸಿಯಂ ಆಲ್ಜಿನೇಟಿನ ನಾರು ಗಾಯಪಟ್ಟಿಯಾಗುತ್ತದೆ. ಗಾಯದ ದ್ರವದಲ್ಲಿರುವ ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿದಂತೆ ಅದು ಲೋಳೆಯಾಗಿ, ತೆಗೆಯುವಾಗ ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ. ಎದೆಯುರಿಯ ಔಷಧದಲ್ಲಿ ಸೋಡಿಯಂ ಆಲ್ಜಿನೇಟ್ ಹೊಟ್ಟೆಯ ಆಮ್ಲದಲ್ಲಿ ಹೆಪ್ಪುಗಟ್ಟಿ, ಬೈಕಾರ್ಬೊನೇಟಿನ ಗುಳ್ಳೆಗಳಿಂದ ಹಗುರಾಗಿ ತೇಲಿ, ಆಮ್ಲ ಮೇಲೇರದಂತೆ ತಡೆಯುತ್ತದೆ. ಇನ್ಸುಲಿನ್ ತಯಾರಿಸುವ ಕೋಶಗಳನ್ನು ಆಲ್ಜಿನೇಟ್ ಕೋಶಿಕೆಯೊಳಗಿಟ್ಟು ಲಿಮ್ ಮತ್ತು ಸನ್ 1980ರಲ್ಲಿ ಇಲಿಗಳ ಮೇಲೆ ಪ್ರಯೋಗಿಸಿದ ನಂತರ ಜೀವಕೋಶಗಳನ್ನು ಹುದುಗಿಸುವ ಸಂಶೋಧನೆ ವಿಸ್ತಾರವಾಗಿ ಬೆಳೆದಿದೆ.

ಭಾರತದಲ್ಲಿ ಆಲ್ಜಿನೇಟಿಗೆ ಮುಖ್ಯ ಆಧಾರ ತಮಿಳುನಾಡಿನ ಮನ್ನಾರ್ ಖಾರಿ ಪ್ರದೇಶದ ಸರ್ಗಾಸಮ್ ಮತ್ತು ಟರ್ಬಿನೇರಿಯ ಕಳೆಗಳು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ಇವುಗಳಿಂದ ಆಲ್ಜಿನೇಟ್ ತೆಗೆಯುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಶೀತ ಸಮುದ್ರದ ಲ್ಯಾಮಿನೇರಿಯ, ಮ್ಯಾಕ್ರೊಸಿಸ್ಟಿಸ್‌ಗಳಿಗೆ ಹೋಲಿಸಿದರೆ ಈ ಬಿಸಿಲು ನಾಡಿನ ಕಳೆಗಳಲ್ಲಿ ಸಾಮಾನ್ಯವಾಗಿ ಇಳುವರಿ ಕಡಿಮೆ, ಸಿಗುವ ದ್ರಾವಣದ ಮಂದತೆಯೂ ಕಡಿಮೆ.